ಮಧ್ಯಾಹ್ನದ ಸೀಸೆ

ಚಿಕ್ಕಮಗಳೂರು,
೧೮ ಮೇ ೧೯೩೬

ಚಿರಂಜೀವಿ ಸೌಭಾಗ್ಯವತಿ ರುದ್ರಾಣಿಗೆ ಆಶೀರ್ವಾದಗಳು.

ನೀನು ಕಳುಹಿಸಿದ ಸೀಸೆ ನಿನ್ನೆ ಸಂಜೆಯ ಬಸ್ಸಿನಲ್ಲಿ ಕೈಸೇರಿತು. ಅದನ್ನು ತಂದುಕೊಟ್ಟ ಕಂಡಕ್ಟರು ದವಾಖಾನೆಯ ಬಾಗಿಲಿನಲ್ಲಿಯೇ ನಿಂತು, "ಡಾಕ್ಟರಮ್ಮ, ಕಳಸದ ಜೇನುತುಪ್ಪ ತಿಂಗಳು ತಿಂಗಳೂ ನಿಮಗೊಬ್ರಿಗೇ ಬರ್ತದಲ್ಲ, ನಮಗೂ ಒಂದು ಬೆರಳು ನೆಕ್ಕೋಕೆ ಕೊಡಬಾರದಾ?" ಎಂದು ಕೇಳಿದ. "ಇದು ಔಷಧಿ ಜೇನು, ನಿನ್ನ ಮೈಗೆ ಆಗೋದಿಲ್ಲ" ಎಂದು ಗಂಭೀರವಾಗಿ ಹೇಳಿ ಕಳುಹಿಸಿದೆ. ಬಾಳೆಲೆಯಲ್ಲಿ ಅಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದು ನಿಮ್ಮ ಅಜ್ಜಿಯೇ ಇರಬೇಕು.

ಇನ್ನು ವಿಷಯಕ್ಕೆ ಬರುತ್ತೇನೆ. ಸೀಸೆಯಲ್ಲಿದ್ದ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಾಕಿ, ದೀಪದ ಮೇಲೆ ಕಾಯಿಸಿ, ಎರಡು ಹನಿ ಆಸಿಡ್ ಬಿಟ್ಟು ನೋಡಿದೆ. ಮಬ್ಬು ಈ ಸಲವೂ ಇದೆ. ಕಳೆದ ಶ್ರಾವಣದಲ್ಲಿ ನಿನ್ನನ್ನು ಇಲ್ಲಿಗೆ ಕರೆತಂದಾಗ ನಿನ್ನ ಮುಖ ಊದಿ ಕಣ್ಣು ತೆರೆಯುವಂತಿರಲಿಲ್ಲ. ಆಗ ಇದೇ ನಳಿಕೆಯಲ್ಲಿ ಒಡೆದ ಹಾಲಿನಂತೆ ಗಡ್ಡೆ ಕಟ್ಟುತ್ತಿತ್ತು. ಈಗ ಕಾಣುವುದು, ಹಿಂದೆ ಕಪ್ಪು ಬಟ್ಟೆ ಹಿಡಿದರೆ ಮಾತ್ರ ಕಾಣುವಷ್ಟು ತೆಳುವಾದ ಹೊಗೆ. ಆದರೂ ಅದು ಇದೆ. ರಕ್ತದಲ್ಲಿಯೇ ನಿಲ್ಲಬೇಕಾದ ಸತ್ವ, ನಾವು ಆಲ್ಬುಮಿನ್ ಎನ್ನುವುದು, ಮೂತ್ರಪಿಂಡದ ಜರಡಿಯಿಂದ ಇನ್ನೂ ಸ್ವಲ್ಪ ಸೋರುತ್ತಿದೆಯೆಂದು ಅದರ ಅರ್ಥ.

ಆದುದರಿಂದ ಮಗು, ನೀನು ಗಂಡನ ಮನೆಗೆ ಹೊರಡುವ ಮಾತು ಇನ್ನೂ ಕೆಲವು ಕಾಲ ಬೇಡ. ಈ ಸ್ಥಿತಿಯಲ್ಲಿ ನೀನು ಗರ್ಭಿಣಿಯಾದರೆ ರೋಗ ಮತ್ತೆ ತಲೆಯೆತ್ತಬಹುದು. ಹಾಗೆಯೇ ಆಗಿ, ನನ್ನ ಚಿಕಿತ್ಸೆಯಲ್ಲಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಕಳೆದುಕೊಂಡವಳು ನಾನು. ಮೂರನೆಯವಳನ್ನು ಕಳೆದುಕೊಳ್ಳಲು ಸಿದ್ಧಳಿಲ್ಲ. ಉಪ್ಪಿಲ್ಲದ ಪಥ್ಯ ಬಿಡಬೇಡ. ಮುಂದಿನ ತಿಂಗಳು ಎಂದಿನಂತೆ ಕಳುಹಿಸು.

ನಿನ್ನ ಹಿತವನ್ನೇ ಬಯಸುವ,
ವಿಶಾಲಾಕ್ಷಮ್ಮ

*

ಕಳಸ,
೨ ಜೂನ್ ೧೯೩೬

ಪೂಜ್ಯ ಡಾಕ್ಟರಮ್ಮನವರ ಪಾದಗಳಿಗೆ ರುದ್ರಾಣಿಯ ನಮಸ್ಕಾರಗಳು.

ನಿಮ್ಮ ಪತ್ರವನ್ನು ಓದಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಬೂದಿ ತೆಗೆಯಲು ಕುಳಿತಳು. ಅಜ್ಜಿ ಮಾತ್ರ, ಬರೀ ಅನ್ನ ತಿಂದು ನನ್ನ ನಾಲಿಗೆ ಮರಗಟ್ಟಿದೆಯೆಂದು ಕನಿಕರಪಟ್ಟು ಭರಣಿಯಿಂದ ಒಂದು ಮಾವಿನ ಮಿಡಿ ತೆಗೆದು, "ಮೂರು ನೀರಲ್ಲಿ ತೊಳ್ದೀನಿ, ಉಪ್ಪಿನ ಹೆಸರೂ ಇಲ್ಲ ಇದರಲ್ಲಿ, ತಿನ್ನು ಮಾರಾಯ್ತಿ, ಡಾಕ್ಟರಮ್ಮ ಏನು ಇಲ್ಲಿ ಬಂದು ನೋಡ್ತಾರಾ?" ಎಂದರು. ನಾನು ತಿನ್ನಲಿಲ್ಲ. ಮೂಸಿ ನೋಡಿ ಹಿಂದಿರುಗಿಸಿದೆ. ಮೂಸುವುದಕ್ಕೆ ಪಥ್ಯವಿಲ್ಲವೆಂದು ಭಾವಿಸಿದ್ದೇನೆ.

ನಮ್ಮ ಅತ್ತೆ ಬಸಮ್ಮನವರು ಮದುವೆಯೊಂದಕ್ಕೆ ಕಳಸಕ್ಕೆ ಬಂದವರು ಮನೆಗೂ ಬಂದಿದ್ದರು. ನನಗೆಂದು ಕಿತ್ತಳೆ ಹಣ್ಣು ತಂದಿದ್ದರು. ನನ್ನ ಮುಖ, ಕೈ, ಕಾಲುಗಳನ್ನು ಮುಟ್ಟಿ ನೋಡಿ, "ಊತ ಎಲ್ಲಿದೆ? ದುಂಡಗೆ ಚೆಂದಾಗೇ ಇದ್ದಾಳಲ್ಲ" ಎಂದರು. ಅಮ್ಮ ಮಬ್ಬಿನ ವಿಷಯ ತಿಳಿಸಿದಳು. ಅತ್ತೆ, "ಕಣ್ಣಿಗೆ ಕಾಣದಿರೋ ಕಾಯಿಲೆಗೆ ನನ್ನ ಮಗ ಎಷ್ಟು ದಿನ ಕೈ ಸುಟ್ಕೊಂಡು ಅನ್ನ ಬೇಯಿಸ್ಬೇಕು? ದೀಪಾವಳಿ ತನಕ ನೋಡ್ತೀನಿ. ಆಮೇಲೆ ಬೇರೆ ಹೆಣ್ಣು ನೋಡ್ಬೇಕಾಗ್ತದೆ, ನನ್ನನ್ನು ಬಯ್ಯಬೇಡಿ" ಎಂದರು. ಅವರು ಕೆಟ್ಟವರಲ್ಲ. ಹೊರಡುವಾಗ ನನ್ನ ತಲೆಯನ್ನು ಎದೆಗೊತ್ತಿಕೊಂಡರು. ಅದು ಇನ್ನೂ ಕಷ್ಟವಾಯಿತು.

ಡಾಕ್ಟರಮ್ಮ, ನಾನು ಮುಂಜಾನೆ ಎದ್ದವಳು ಅಂಗಳ ಸಾರಿಸುತ್ತೇನೆ, ಬಾವಿಯಿಂದ ನೀರು ಸೇದುತ್ತೇನೆ, ಅಪ್ಪಯ್ಯನ ಅಂಗಡಿಗೆ ಬಂದ ಮೆಣಸನ್ನು ನಿಂತು ಕೇರುತ್ತೇನೆ. ದಣಿವಿಲ್ಲ, ತಲೆನೋವಿಲ್ಲ. ಮೈಯೆಲ್ಲ ನಾನು ಗುಣವಾಗಿದ್ದೇನೆ ಎನ್ನುತ್ತದೆ. ಸೀಸೆಯೊಂದು ಇಲ್ಲ ಎನ್ನುತ್ತದೆ. ನಾನು ಯಾರ ಮಾತು ನಂಬಲಿ?

ನಿಮ್ಮ,
ರುದ್ರಾಣಿ

*

ಚಿಕ್ಕಮಗಳೂರು,
೯ ಜೂನ್ ೧೯೩೬

ಪ್ರೀತಿಯ ರುದ್ರಾಣಿ,

ನಿನ್ನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ಈಗಲೇ ಉತ್ತರ ಕೊಡುವಷ್ಟು ನನಗೆ ತಿಳಿದಿಲ್ಲ. ಆದ್ದರಿಂದ ನಿನ್ನನ್ನೇ ನನ್ನ ಶಿಷ್ಯೆಯನ್ನಾಗಿ ಮಾಡಿಕೊಳ್ಳುತ್ತಿದ್ದೇನೆ.

ಮಳೆ ಹಿಡಿದರೆ ಬಸ್ಸು ನಿಲ್ಲುತ್ತದೆ. ಸೀಸೆ ಬರುವುದು ಅಷ್ಟಕ್ಕಷ್ಟೆ. ಈ ಪತ್ರದೊಂದಿಗೆ ಒಂದು ಸ್ಪಿರಿಟ್ ದೀಪ, ನಾಲ್ಕು ನಳಿಕೆ, ಆಸಿಡಿನ ಪುಟ್ಟ ಬಾಟಲಿ ಕಳುಹಿಸಿದ್ದೇನೆ. ನಳಿಕೆಯನ್ನು ಓರೆಯಾಗಿ ಹಿಡಿದು ಮೇಲ್ಭಾಗವನ್ನು ಮಾತ್ರ ಕಾಯಿಸು. ಕೆಳಗಿನ ಭಾಗ ತಣ್ಣಗಿರಲಿ. ಎರಡನ್ನೂ ಹೋಲಿಸಿ ನೋಡುವುದಕ್ಕೆ ಅದು ಬೇಕು. ಕಾಯಿಸಿದೊಡನೆ ಮಬ್ಬು ಕಂಡರೆ ಹೆದರಬೇಡ. ಆಸಿಡ್ ಬಿಟ್ಟಾಗ ಕರಗಿಹೋದರೆ ಅದು ಬರಿಯ ಲವಣ. ಕರಗದೆ ಉಳಿದದ್ದು ಮಾತ್ರ ನಮ್ಮ ಶತ್ರು. ಎಷ್ಟೋ ಕಾಂಪೌಂಡರುಗಳು ಈ ಕೊನೆಯ ಹನಿಯನ್ನು ಮರೆತು ಜನರನ್ನು ಹೆದರಿಸುತ್ತಾರೆ. ನೀನು ಮರೆಯುವವಳಲ್ಲ.

ಇನ್ನು ಬಸಮ್ಮನವರ ದೀಪಾವಳಿಯ ಮಾತು. ಪಂಚಾಂಗ ನೋಡಿಕೊಂಡು ಗುಣವಾಗುವ ಮೂತ್ರಪಿಂಡವನ್ನು ನಾನು ಕಂಡಿಲ್ಲ. ಆದರೆ ಕಾಯುವವರಿಗೂ ಒಂದು ದಿನ ಬೇಕಾಗುತ್ತದೆ. ಅವರನ್ನು ನಾನು ಬಯ್ಯಲಾರೆ. ನೋಡೋಣ. ಐದು ತಿಂಗಳಿನಲ್ಲಿ ದೇಹ ಬಹಳ ಕೆಲಸ ಮಾಡಬಲ್ಲದು.

ನಿನ್ನ,
ವಿಶಾಲಾಕ್ಷಮ್ಮ

*

ಕಳಸ,
೩೦ ಆಗಸ್ಟ್ ೧೯೩೬

ಪೂಜ್ಯರಿಗೆ ನಮಸ್ಕಾರಗಳು.

ಇಷ್ಟು ದಿನ ಟಪಾಲು ಬಾರದೆ, ಹೋಗದೆ, ಬರೆದ ಎರಡು ಪತ್ರಗಳು ನನ್ನಲ್ಲಿಯೇ ಉಳಿದವು. ಅವುಗಳಲ್ಲಿ ಹೊಸದೇನೂ ಇರಲಿಲ್ಲ. ಹಾಗಾಗಿ ಒಲೆಗೆ ಹಾಕಿದೆ.

ಒಂದು ನಳಿಕೆ ಮೊದಲ ವಾರವೇ ಸೀಳಿತು. ಈಗ ಕೈ ಪಳಗಿದೆ. ಎಲ್ಲರ ಕೆಲಸ ಮುಗಿದು ಹಿತ್ತಿಲಿನ ಕೊಟ್ಟಿಗೆಯ ಕಡೆ ಯಾರೂ ಸುಳಿಯದ ಹೊತ್ತಿನಲ್ಲಿ ಅಲ್ಲಿ ಕುಳಿತು ಕಾಯಿಸುತ್ತೇನೆ. ಸ್ಪಿರಿಟ್ಟಿನ ವಾಸನೆಗೆ ಹಸು ಮುಖ ತಿರುಗಿಸುತ್ತದೆ. ಆಸಿಡ್ ಹಾಕುವಾಗ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಅದು ಪರೀಕ್ಷೆಯ ಕ್ರಮವಲ್ಲವೆಂದು ಬಲ್ಲೆ. ತೆರೆದು ನೋಡಿದರೆ ಮಬ್ಬು ಅಲ್ಲಿಯೇ ಇರುತ್ತದೆ. ಹೆಚ್ಚಾಗಿಲ್ಲ, ಕಡಿಮೆಯೂ ಆಗಿಲ್ಲ. ಜಗಲಿಗೆ ಬಂದ ಬೆಕ್ಕನ್ನು ಎಷ್ಟು ಓಡಿಸಿದರೂ ಮತ್ತೆ ಅದೇ ಮೂಲೆಯಲ್ಲಿ ಮಲಗುವಂತೆ.

ನಮ್ಮ ಯಜಮಾನರು ಮೂಡಿಗೆರೆಯಿಂದ ಪತ್ರ ಬರೆದಿದ್ದಾರೆ. ನಾನು ಉತ್ತರ ಬರೆದಿಲ್ಲ. ಏನೆಂದು ಬರೆಯುವುದು?

ನಿಮ್ಮ,
ರುದ್ರಾಣಿ

*

ಮೂಡಿಗೆರೆ ಸಮೀಪದ ಎಸ್ಟೇಟಿನಿಂದ,
೧೨ ಸೆಪ್ಟೆಂಬರ್ ೧೯೩೬

ಚಿಕ್ಕಮಗಳೂರಿನ ಲೇಡಿ ಡಾಕ್ಟರ್ ವಿಶಾಲಾಕ್ಷಮ್ಮನವರ ಸನ್ನಿಧಿಗೆ, ಮಲ್ಲಿಕಾರ್ಜುನಪ್ಪ ಮಾಡುವ ವಿಜ್ಞಾಪನೆಗಳು.

ತಾವು ನನ್ನನ್ನು ಒಂದೇ ಸಲ, ಹೋದ ವರ್ಷ ಹೆಂಡತಿಯನ್ನು ಬಸ್ಸಿನಲ್ಲಿ ಕರೆತಂದಾಗ, ನೋಡಿದ್ದೀರಿ. ನಾನು ಕಳಸದ ಪರಮೇಶ್ವರಪ್ಪನವರ ಮಗಳು ರುದ್ರಾಣಿಯ ಗಂಡ. ಇಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸದಲ್ಲಿದ್ದೇನೆ.

ತಾವು ದೊಡ್ಡವರು, ತಮ್ಮಲ್ಲಿ ನೇರವಾಗಿ ಕೇಳುತ್ತಿರುವುದಕ್ಕೆ ಕ್ಷಮಿಸಬೇಕು. ಆಕೆ ಬದುಕುತ್ತಾಳೆಯೇ? ಮನೆಯಲ್ಲಿ ಮಕ್ಕಳ ಮಾತು ನಡೆಯುತ್ತಿದೆ. ಅದು ನನ್ನ ಪ್ರಶ್ನೆಯಲ್ಲ. ಮೊನ್ನೆ ಊರಿನಿಂದ ಬಂದ ತಾಯಿಯವರು, "ನಿನಗೂ ವಯಸ್ಸು ಕೂತಿರ್ತದಾ? ವಸ್ತಾರೆ ಊರಲ್ಲಿ ಒಬ್ಬಳೇ ಮಗಳಿರೋ ಮನೆಯೊಂದು ನೋಡಿಟ್ಟಿದೀನಿ" ಎಂದರು. ನಾನು, "ಅವ್ವ, ಆ ಮನೇಲಿ ಯಾರಿಗೂ ಜ್ವರ ಬರೋದಿಲ್ಲ ಅಂತ ಬರ್ಕೊಟ್ಟಿದಾರಾ?" ಎಂದೆ. ತಾಯಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನಾನು ಬರೆದ ಮೂರು ಪತ್ರಗಳಿಗೆ ರುದ್ರಾಣಿಯಿಂದ ಉತ್ತರವಿಲ್ಲ. ತಾಯಿಗೆ ಹೇಳಬಹುದಾದ ಒಂದು ಮಾತನ್ನು ದಯಮಾಡಿ ಬರೆಯಿರಿ. ಅದು ಒಳ್ಳೆಯದೇ ಆಗಿರಬೇಕೆಂದಿಲ್ಲ. ನಿಜವಾಗಿದ್ದರೆ ಸಾಕು.

ಇತಿ ತಮ್ಮ ವಿಧೇಯ,
ಮಲ್ಲಿಕಾರ್ಜುನಪ್ಪ

*

ಚಿಕ್ಕಮಗಳೂರು,
೧೬ ಸೆಪ್ಟೆಂಬರ್ ೧೯೩೬

ಚಿರಂಜೀವಿ ಮಲ್ಲಿಕಾರ್ಜುನಪ್ಪನವರಿಗೆ ಆಶೀರ್ವಾದಗಳು.

ಆಕೆ ಬದುಕುತ್ತಾಳೆ. ಇಷ್ಟನ್ನು ನಾನು ಧೈರ್ಯವಾಗಿ ಹೇಳಬಲ್ಲೆ. ರೋಗ ಇಳಿದಿದೆ, ಆದರೆ ಹೋಗುವಾಗ ಏನನ್ನೋ ಬಿಟ್ಟುಹೋಗಿದೆ. ಆ ಉಳಿಕೆ ಹಳೆಯ ರೋಗದ ಕಿಡಿಯೋ, ಬರಿಯ ಬೂದಿಯೋ ನನಗೆ ಇನ್ನೂ ಗೊತ್ತಾಗಿಲ್ಲ. ಗೊತ್ತಾಗುವವರೆಗೆ ಆಕೆಯನ್ನು ನಿಮ್ಮ ಮನೆಗೆ ಕಳುಹಿಸಿರೆಂದು ನಾನು ಹೇಳಲಾರೆ. ನಿಮ್ಮ ತಾಯಿಯವರಿಗೆ ಈ ಮಾತನ್ನು ಹೀಗೆಯೇ ತಿಳಿಸಿ.

ನಿಮ್ಮಲ್ಲಿ ಒಂದು ಕೋರಿಕೆ. ಉತ್ತರ ಬರಲಿ, ಬಾರದಿರಲಿ, ಆಕೆಗೆ ಬರೆಯುವುದನ್ನು ನಿಲ್ಲಿಸಬೇಡಿ. ಔಷಧಿಯ ವಿಷಯ ಬರೆಯಬೇಡಿ, ಅದಕ್ಕೆ ನಾನಿದ್ದೇನೆ. ಎಸ್ಟೇಟಿನಲ್ಲಿ ಯಾರು ಯಾರೊಡನೆ ಜಗಳವಾಡಿದರು, ಮೇಸ್ತ್ರಿ ಏನೆಂದ, ಅನ್ನ ಎಷ್ಟು ಸಲ ಸೀದಿತು, ಅದನ್ನು ಬರೆಯಿರಿ.

ಹಿತಚಿಂತಕಿ,
ವಿಶಾಲಾಕ್ಷಮ್ಮ

*

ಕಳಸ,
೪ ಅಕ್ಟೋಬರ್ ೧೯೩೬

ಪೂಜ್ಯ ಡಾಕ್ಟರಮ್ಮನವರಿಗೆ ನಮಸ್ಕಾರಗಳು.

ಮುಖ್ಯವಾಗಿ ಒಂದು ಬೇಡಿಕೆಗಾಗಿ ಬರೆಯುತ್ತಿದ್ದೇನೆ. ಬಸ್ಸು ಮತ್ತೆ ಓಡಾಡುತ್ತಿದೆ. ಯಾರ ಕೈಯಲ್ಲಾದರೂ ಹೊಸ ಆಸಿಡ್ ಕಳುಹಿಸಬೇಕು. ನನ್ನಲ್ಲಿರುವುದು ಕೆಟ್ಟಿರಬಹುದೆಂಬ ಸಂಶಯ.

ಕಳೆದ ತಿಂಗಳು ಅಪ್ಪಯ್ಯ ಅಮ್ಮನನ್ನೂ ಅಜ್ಜಿಯನ್ನೂ ಕರೆದುಕೊಂಡು ಹೊರನಾಡಿಗೆ ಹೋಗಿ ರಾತ್ರಿ ಅಲ್ಲಿಯೇ ಉಳಿದರು. ಜೊತೆಗಿರಲೆಂದು ಪಕ್ಕದ ಮನೆಯ ಮುತ್ತಮ್ಮ ಬಂದು ಮಲಗಿದ್ದಳು. ಮನೆಯಲ್ಲಿ ಬೇರೆ ಯಾರೂ ಇಲ್ಲದುದರಿಂದ ಬೆಳಿಗ್ಗೆ ಹಾಸಿಗೆಯಿಂದ ಎದ್ದವಳೇ ಪರೀಕ್ಷೆಯನ್ನು ಮುಗಿಸಿಬಿಟ್ಟೆ. ಏನೂ ಕಾಣಲಿಲ್ಲ. ಕಪ್ಪು ಬಟ್ಟೆ ಹಿಡಿದೆ, ಬಾಗಿಲ ಬೆಳಕಿಗೆ ಹಿಡಿದೆ. ಹಳ್ಳದ ನೀರಿನ ಹಾಗೆ ತಿಳಿಯಾಗಿತ್ತು. ಮುತ್ತಮ್ಮ ಎದ್ದು ಬಂದು, "ಎಂಥದೇ ಅದು, ಗಾಜಿನ ಕಡ್ಡಿ ಹಿಡ್ಕೊಂಡು ಒಬ್ಬಳೇ ಅಳ್ತಿದ್ದೀಯ?" ಎಂದಳು. ಹೊಗೆ ಕಣ್ಣಿಗೆ ಹೋಯಿತೆಂದೆ. ಸ್ಪಿರಿಟ್ ದೀಪಕ್ಕೆ ಹೊಗೆಯೇ ಇಲ್ಲವೆಂದು ಅವಳಿಗೆ ಗೊತ್ತಿಲ್ಲ.

ಆದರೆ ಅದೇ ಮಧ್ಯಾಹ್ನ ಮತ್ತೆ ನೋಡಿದಾಗ ಮಬ್ಬು ಇತ್ತು. ಬೆಳಗಿನದು ಏನೋ ತಪ್ಪು ಪ್ರಯೋಗವೆಂದು ಸುಮ್ಮನಾದೆ. ಸಂತೋಷಪಟ್ಟ ಆ ಅರ್ಧ ದಿನಕ್ಕೆ ನಾಚಿಕೆಯಾಗಿ ನಿಮಗೆ ಬರೆಯಲಿಲ್ಲ.

ನಿಮ್ಮ,
ರುದ್ರಾಣಿ

*

ಚಿಕ್ಕಮಗಳೂರು,
೭ ಅಕ್ಟೋಬರ್ ೧೯೩೬

ನನ್ನ ಮುದ್ದು ರುದ್ರಾಣಿ,

ಆಸಿಡ್ ಕೆಟ್ಟಿಲ್ಲ! ಅದೇ ಆಸಿಡ್ ಮಧ್ಯಾಹ್ನ ಸರಿಯಾಗಿ ಕೆಲಸ ಮಾಡಿದೆಯಷ್ಟೆ?

ಈಗ ನನ್ನ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡು. ಈ ಒಂದು ವರ್ಷ ನೀನು ಸೀಸೆಗೆ ಹಿಡಿದದ್ದು ಯಾವ ಹೊತ್ತಿನದು? ನಿನ್ನನ್ನು ಮನೆಗೆ ಕಳುಹಿಸುವ ದಿನ, ನಿಮ್ಮಮ್ಮ ಗಂಟು ಕಟ್ಟುತ್ತಿದ್ದಾಗ, ನಾನು ನಿಮ್ಮ ತಂದೆಯವರನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದ್ದೆ: ಬೆಳಿಗ್ಗೆ ಎದ್ದೊಡನೆ ಮೊದಲು ಆಗುವುದನ್ನೇ ಹಿಡಿದಿಟ್ಟು ಕಳುಹಿಸಬೇಕು ಎಂದು. ಅವರನ್ನು ಕೇಳು.

ಮತ್ತು ಇಂದಿನಿಂದ ಒಂದು ವಾರ ಹೀಗೆ ಮಾಡು. ಮಲಗುವ ಮೊದಲು ತಪ್ಪದೆ ಮೂತ್ರ ಮಾಡಿ ಮಲಗು. ಹಗಲಿನದು ಬೆಳಗಿನದರೊಡನೆ ಬೆರೆಯಬಾರದು. ಎದ್ದೊಡನೆ, ಕೆಲಸಕ್ಕೆ ಕೈಹಾಕುವ ಮೊದಲು ಒಂದು ನಳಿಕೆ. ಎಂದಿನಂತೆ ನಿಂತು ದುಡಿದ ಮೇಲೆ ಮಧ್ಯಾಹ್ನ ಇನ್ನೊಂದು. ಎರಡನ್ನೂ ಒಂದೇ ಬೆಳಕಿಗೆ ಹಿಡಿದು ನೋಡು. ಕಣ್ಣು ಮುಚ್ಚಬೇಡ.

ನಿನ್ನ,
ವಿಶಾಲಾಕ್ಷಮ್ಮ

*

ಕಳಸ,
೧೬ ಅಕ್ಟೋಬರ್ ೧೯೩೬

ಪೂಜ್ಯರಿಗೆ ನಮಸ್ಕಾರಗಳು.

ಮೊದಲು ಫಲಿತಾಂಶವನ್ನೇ ಹೇಳುತ್ತೇನೆ. ವಾರವಿಡೀ ಬೆಳಗಿನ ನಳಿಕೆ ತಿಳಿ. ಮಧ್ಯಾಹ್ನದ ನಳಿಕೆ ಮಬ್ಬು. ಒಂದು ದಿನವೂ ತಪ್ಪಿಲ್ಲ.

ಇನ್ನು ತಾವು ಕೇಳಿದ ಪ್ರಶ್ನೆ. ಸೀಸೆ ಯಾವಾಗಲೂ ಮಧ್ಯಾಹ್ನದ್ದೇ. ಬೆಳಿಗ್ಗೆ ಅಪ್ಪಯ್ಯ ಲಿಂಗಪೂಜೆ ಮುಗಿಸಿ ಅಂಗಡಿಗೆ ಹೋಗುವವರೆಗೆ ಅಂಥ ಸೀಸೆಯನ್ನು ಮನೆಯೊಳಗೆ ಮುಟ್ಟುವಂತಿಲ್ಲ. ಆಮೇಲೆ ಬಸ್ಸು ಹೊರಡುವ ಹೊತ್ತಿಗೆ ಹಿಡಿದು ಕಳುಹಿಸುತ್ತಿದ್ದೆವು. ಮನೆಯಲ್ಲಿ ನಾನೇ ಕಾಯಿಸತೊಡಗಿದ ಮೇಲೂ ಅದೇ ರೂಢಿ ನಡೆಯಿತು. ಅಪ್ಪಯ್ಯನನ್ನು ಕೇಳುವ ಧೈರ್ಯ ನನಗಾಗಲಿಲ್ಲ. ಊಟಕ್ಕೆ ಕುಳಿತಾಗ ಅಮ್ಮ ಕೇಳಿದಳು. ನಾನು ಬಾಗಿಲ ಹಿಂದೆ ಇದ್ದೆ.

"ಡಾಕ್ಟರಮ್ಮ ನಿಮಗೆ ಹೊತ್ತು ಹೇಳಿದ್ರಂತೆ, ಹೌದಾ?"

"ಎಂಥ ಹೊತ್ತು?"

"ಸೀಸೆ ಹೊತ್ತು."

ಅಪ್ಪಯ್ಯ ಮಾಡಿನ ಕಡೆ ನೋಡಿದರು. "ಹೇಳಿದ್ರು ಅಂತ ಕಾಣ್ತದೆ."

"ಕಾಣ್ತದಾ! ಬೆಳಿಗ್ಗೆದು ಅಂತ ಹೇಳಿದ್ರಾ ಇಲ್ವಾ?"

"ಹೇಳಿದ್ರು ಮಾರಾಯ್ತಿ. ಬೆಳೆದ ಮಗಳ ಹತ್ರ ಆ ಮಾತು ಹ್ಯಾಗೆ ಎತ್ತೋದು? ಅದೂ ಪೂಜೆ ಹೊತ್ತು. ಬಸ್ಸು ಹೊರಡೋದು ಹ್ಯಾಗೂ ಮಧ್ಯಾಹ್ನ. ಹಾಲಾಗಲಿ, ಹೂವಾಗಲಿ, ತಾಜಾ ಇದ್ರೆ ಒಳ್ಳೇದಲ್ವಾ ಅಂತ ನಿಂಗೆ ಹಾಗೆ ಹೇಳಿದೆ."

ಒಳಗಿನಿಂದ ಅಜ್ಜಿ, "ದಿನಾ ಹಸುವಿನ ಗಂಜಲ ಅಂಗಳಕ್ಕೆ ಚಿಮುಕಿಸ್ತೀಯ, ಅದಕ್ಕೆ ನಾಚಿಕೆ ಇಲ್ಲ! ಹೆತ್ತ ಮಗಳ ಪ್ರಾಣ ಹೋಗೋ ವಿಷ್ಯಕ್ಕೆ ನಾಲಿಗೆ ಸುಡ್ತದಾ ನಿಂಗೆ?" ಎಂದು ಕೂಗಿದರು. ಅಪ್ಪಯ್ಯ ಮಜ್ಜಿಗೆಯನ್ನಕ್ಕೂ ಕಾಯದೆ ಎದ್ದುಹೋದರು.

ನಾನು ಸಿಟ್ಟಾಗಬೇಕಿತ್ತೇನೋ. ಆದರೆ ಮಾರನೆಯ ದಿನದಿಂದ ಅಪ್ಪಯ್ಯ ಬೆಳಕು ಹರಿಯುವ ಮೊದಲೇ ಶಾಲು ಹೊದ್ದು, ಭದ್ರಾ ಹೊಳೆಯ ಕಡೆಗೆ ಹೊರಟುಬಿಡುತ್ತಾರೆ. ಮನೆ ನನಗೆ ತೆರವಾಗಲೆಂದು. ನಾನು ದೀಪ ಆರಿಸಿ ನಳಿಕೆ ತೊಳೆದಿಟ್ಟ ಎಷ್ಟೋ ಹೊತ್ತಿನ ಮೇಲೆ, ಅಂಗಳದಲ್ಲಿ ಜೋರಾಗಿ ಕೆಮ್ಮಿ, ಒಳಗೆ ಬಂದು ಪೂಜೆಗೆ ಕೂರುತ್ತಾರೆ. ನಾವಿಬ್ಬರೂ ಆ ವಿಷಯವಾಗಿ ಒಂದು ಮಾತೂ ಆಡಿಲ್ಲ.

ಇದಕ್ಕೆಲ್ಲ ಅರ್ಥವೇನು ಡಾಕ್ಟರಮ್ಮ?

ನಿಮ್ಮ,
ರುದ್ರಾಣಿ

*

ಚಿಕ್ಕಮಗಳೂರು,
೩೦ ಅಕ್ಟೋಬರ್ ೧೯೩೬

ಪ್ರೀತಿಯ ರುದ್ರಾಣಿ,

ಕಳೆದ ವಾರ ನೀನು ತಂದೆಯವರೊಡನೆ ಇಲ್ಲಿಗೆ ಬಂದಾಗ ನಿನ್ನ ರಕ್ತದ ಒತ್ತಡ, ಕಣ್ಣು, ಹೃದಯ ಎಲ್ಲವನ್ನೂ ಪರೀಕ್ಷಿಸಿದೆ, ಒಂದರಲ್ಲಿಯೂ ದೋಷವಿಲ್ಲ. ಎರಡೂ ಹೊತ್ತಿನ ಮೂತ್ರವನ್ನು ನಾನೇ ಕಾಯಿಸಿ ನೋಡಿದೆ. ಆದರೂ ನನ್ನ ಆಸೆ ನನ್ನ ಬುದ್ಧಿಯನ್ನು ಎಳೆದುಕೊಂಡು ಹೋಗಬಾರದೆಂದು, ಬೆಂಗಳೂರಿನಲ್ಲಿರುವ ನನ್ನ ಹಳೆಯ ಗುರುಗಳಿಗೆ ಬರೆದು ಕೇಳಿದೆ. ಅವರ ಉತ್ತರ ಇಂದು ಬಂದಿದೆ.

ಈ ರೋಗದಿಂದ ಚೇತರಿಸಿಕೊಂಡ ಕೆಲವರಲ್ಲಿ, ಅದರಲ್ಲಿಯೂ ನಿನ್ನಂಥ ಎಳೆಯರಲ್ಲಿ, ಮಲಗಿದ್ದಾಗ ಸೋರದ ಸತ್ವ ಎದ್ದು ನಿಂತು ಓಡಾಡುವಾಗ ಸ್ವಲ್ಪ ಸೋರುತ್ತದೆ. ರೋಗ ಕೆರಳಿದ್ದರೆ ಅದು ಮಲಗಿದಾಗಲೂ ಬಿಡುವುದಿಲ್ಲ. ನಿನ್ನ ಬೆಳಗು ತಿಳಿಯಾಗಿದೆ. ಉಳಿದೆಲ್ಲ ಪರೀಕ್ಷೆಗಳೂ ಸರಿಯಾಗಿವೆ. ಇದು ಗುಣವಾಗುತ್ತಿರುವುದರ ಬಾಲ, ಹೊಸ ರೋಗದ ತಲೆಯಲ್ಲ ಎಂದು ಗುರುಗಳೂ ಅಭಿಪ್ರಾಯಪಡುತ್ತಾರೆ.

ನೀನು ದೀಪಾವಳಿಗೆ ಗಂಡನ ಮನೆಗೆ ಹೋಗಬಹುದು. ಮಗುವಿನ ವಿಷಯಕ್ಕೆ ಮಾತ್ರ ಒಂದು ವರ್ಷ ಬಿಡುವಿರಲಿ. ಅದರ ಉಪಾಯಗಳನ್ನು ನಾನು ನಿನ್ನ ಕಿವಿಯಲ್ಲಿ ಹೇಳಿದ್ದೇನೆ. ಮಲ್ಲಿಕಾರ್ಜುನಪ್ಪನವರಿಗೂ ಇಂದೇ ಬರೆಯುತ್ತೇನೆ.

ಈ ಪತ್ರ ಬರೆಯಲು ನನಗೆ ಎಷ್ಟು ಸಂತೋಷವೆಂದು ನಿನಗೆ ಗೊತ್ತಾಗಲಾರದು.

ನಿನ್ನ,
ವಿಶಾಲಾಕ್ಷಮ್ಮ

*

ಕಳಸ,
೪ ನವೆಂಬರ್ ೧೯೩೬

ಪೂಜ್ಯರ ಪಾದಗಳಿಗೆ.

ನಾನು ಹೋಗುವುದಿಲ್ಲ.

ತಾವು ಕೋಪಿಸಿಕೊಳ್ಳಬಾರದು. ತಮ್ಮ ಪತ್ರ ಬಂದ ದಿನ ಮನೆಯಲ್ಲಿ ಹಬ್ಬವೇ ಆಯಿತು. ಅಜ್ಜಿ ಎದುರು ಮನೆಯವರೆಗೆ ಹೋಗಿ ಹೇಳಿಬಂದರು. ಆದರೆ ನಾನು ಆ ಮಧ್ಯಾಹ್ನವೂ ಕೊಟ್ಟಿಗೆಗೆ ಹೋಗಿ ಕಾಯಿಸಿ ನೋಡಿದೆ. ಸಂಜೆಗೆ ಮತ್ತೆ ನೋಡಿದೆ. ಈಗ ದಿನಕ್ಕೆ ಎಷ್ಟು ಸಲ ನೋಡುತ್ತೇನೆಂದು ತಮಗೆ ಹೇಳಲು ಭಯ. ಮಬ್ಬು ಇರುವವರೆಗೆ ರೋಗವೂ ಇದೆಯೆಂದೇ ನನಗೆ ಅನ್ನಿಸುತ್ತದೆ. ಬಾಲವೆಂದು ತಾವು ಬರೆದಿದ್ದೀರಿ. ಬಾಲ ಕಂಡಾಗ ಅದರ ಮುಂದೆ ಏನಿದೆಯೋ ಎಂದೇ ನನ್ನ ಮನಸ್ಸು ಹೋಗುತ್ತದೆ.

ಅಲ್ಲಿಗೆ ಹೋದ ಮೇಲೆ ಮತ್ತೆ ಮುಖ ಊದಿದರೆ? ಅವರು ನನ್ನನ್ನು ಬಸ್ಸಿನಲ್ಲಿ ಮಲಗಿಸಿಕೊಂಡು ಬರುವುದನ್ನು ಯೋಚಿಸಲಾರೆ. ಒಬ್ಬ ಮನುಷ್ಯ ಎರಡು ಸಲ ಅದನ್ನು ನೋಡಬೇಕೆ? ಅತ್ತೆ ನೋಡಿಟ್ಟಿರುವ ವಸ್ತಾರೆಯ ಹುಡುಗಿ ಆರೋಗ್ಯವಂತಳೆಂದು ಊರಿನವರ ಬಾಯಿಂದ ಕೇಳಿದ್ದೇನೆ. ಮಧ್ಯಾಹ್ನದ ನಳಿಕೆಯೂ ತಿಳಿಯಾದ ದಿನ ನಾನು ಹೋಗುತ್ತೇನೆ. ಅಷ್ಟರೊಳಗೆ ಅವರು ಬೇರೆ ದಾರಿ ಹಿಡಿದರೆ ಅವರನ್ನು ದೂರುವುದಿಲ್ಲ.

ರುದ್ರಾಣಿ

*

ಚಿಕ್ಕಮಗಳೂರು,
೭ ನವೆಂಬರ್ ೧೯೩೬

ನನ್ನ ಮಗಳಂಥ ರುದ್ರಾಣಿಗೆ,

ಕೋಪವಿಲ್ಲ. ನಿನ್ನ ಪತ್ರವನ್ನು ಓದಿ ಸ್ವಲ್ಪ ಹೊತ್ತು ರೋಗಿಗಳನ್ನು ಕಾಯಿಸಿದೆ, ಅಷ್ಟೆ.

ನಿನಗೆ ಕಾ‌ಯುವುದನ್ನು ಕಲಿಸಿದವಳು ನಾನೇ. ಒಂದು ವರ್ಷ ತಿಂಗಳು ತಿಂಗಳೂ "ಇನ್ನೂ ಬೇಡ" ಎಂದು ಬರೆದ ಕೈ ಈಗ "ಹೋಗು" ಎಂದು ಬರೆದರೆ ಮನಸ್ಸು ಕೂಡಲೇ ನಂಬುವುದಿಲ್ಲ. ದೇಹ ಗುಣವಾದಷ್ಟು ಬೇಗ ಭಯ ಗುಣವಾಗುವುದಿಲ್ಲ. ಅದಕ್ಕೆ ನಮ್ಮಲ್ಲಿ ಔಷಧಿಯೂ ಇಲ್ಲ. ಆದ್ದರಿಂದ ನಿನಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ತಿಳಿದದ್ದನ್ನು ತಿಳಿದಂತೆಯೇ ಹೇಳುತ್ತೇನೆ.

ಮಧ್ಯಾಹ್ನದ ಮಬ್ಬು ಮುಂದಿನ ವರ್ಷ ಹೋಗಬಹುದು. ಹತ್ತು ವರ್ಷ ಇರಬಹುದು. ಎಂದೆಂದಿಗೂ ಹೋಗದೆ ಇರಬಹುದು. ರೋಗ ಮತ್ತೆ ಬರುವುದೇ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ. ಇಂದು ಅದು ನಿನ್ನಲ್ಲಿ ಕೆರಳಿಲ್ಲವೆಂದು ಮಾತ್ರ ಮಾಡಬಲ್ಲೆ. ನಿಮ್ಮ ಊರಿನಲ್ಲಿ ಹೊಳೆ ಉಕ್ಕಿದ ವರ್ಷ ದಂಡೆಯ ಮನೆಗಳ ಗೋಡೆಯ ಮೇಲೆ ಕೆಸರಿನ ಗೆರೆ ಉಳಿಯುತ್ತದೆ. ಸುಣ್ಣ ಬಳಿದರೂ ಕೆಲವು ಗೋಡೆಗಳಲ್ಲಿ ಅದು ಮತ್ತೆ ಮೂಡುತ್ತದೆ. ಗೆರೆ ಇದೆಯೆಂದು ಯಾರೂ ಮನೆ ಬಿಡುವುದಿಲ್ಲ. ಮಳೆಗಾಲದಲ್ಲಿ ಹೊಳೆಯ ಕಡೆ ಒಂದು ಕಣ್ಣಿಟ್ಟು, ಒಳಗೆ ಅಡಿಗೆ ಮಾಡಿಕೊಂಡು, ತೊಟ್ಟಿಲು ತೂಗಿಕೊಂಡು ಇರುತ್ತಾರೆ.

ಹೊಳೆಯ ಕಡೆ ಹೇಗೆ ಕಣ್ಣಿಡಬೇಕೆಂದು ಹೇಳುತ್ತೇನೆ. ಬೆಳಿಗ್ಗೆ ಎದ್ದಾಗ ಮುಖ ಊದಿದ್ದರೆ, ಮೂತ್ರ ಕಾಫಿಯ ಕಷಾಯದ ಬಣ್ಣಕ್ಕೆ ತಿರುಗಿದರೆ, ಗಂಟಲುನೋವು ಬಂದು ಜ್ವರ ಏರಿದರೆ, ಯಾರನ್ನೂ ಕೇಳದೆ ಬಸ್ಸು ಹತ್ತಿ ನನ್ನಲ್ಲಿಗೆ ಬಾ. ತಿಂಗಳಿಗೊಮ್ಮೆ, ಬೆಳಗಿನದನ್ನು ಮಾತ್ರ ಪರೀಕ್ಷಿಸು. ಮಧ್ಯಾಹ್ನದ್ದನ್ನು ಇನ್ನು ನೋಡಲೇಬೇಡ. ಇದು ವೈದ್ಯಳ ಆಜ್ಞೆ. ಅದರಲ್ಲಿ ತಿಳಿಯಬೇಕಾದ್ದು ನಮಗೆ ತಿಳಿದಾಗಿದೆ.

ಇನ್ನು ಮಲ್ಲಿಕಾರ್ಜುನಪ್ಪನವರ ವಿಷಯ. ಅವರ ಪರವಾಗಿ ನೀನೇ ತೀರ್ಮಾನ ಮಾಡಿಬಿಟ್ಟಿದ್ದೀಯೆ. ನಿನ್ನನ್ನು ಎರಡನೆಯ ಸಲ ಬಸ್ಸಿನಲ್ಲಿ ಕರೆತರುವ ಕಷ್ಟ ಅವರಿಗೆ ಬೇಡವೆಂದು ಹೇಳುವವಳು ನೀನು ಯಾರು? ಸೆಪ್ಟೆಂಬರಿನಲ್ಲಿ ಅವರು ನನಗೊಂದು ಪತ್ರ ಬರೆದಿದ್ದರು. ಅದರಲ್ಲಿ ಒಂದೇ ಪ್ರಶ್ನೆ ಇತ್ತು; ಅದು ಮಗುವಿನದಲ್ಲ. ಹಬ್ಬಕ್ಕೆ ಅವರು ನಿನ್ನನ್ನು ಕರೆದೊಯ್ಯಲು ಬಂದಾಗ ಎಲ್ಲವನ್ನೂ ನೀನೇ ಬಾಯಿಬಿಟ್ಟು ಹೇಳು. ಕೇಳಿದ ಮೇಲೆ ಅವರೇನು ಹೇಳುತ್ತಾರೋ ಅದನ್ನೂ ಕೇಳು. ಆಮೇಲೆ ಹೋಗುವುದೂ ಬಿಡುವುದೂ ನಿನಗೆ ಸೇರಿದ್ದು.

ಕೊನೆಯದಾಗಿ. ಆ ಮೂರು ಲಕ್ಷಣಗಳ ಹೊರತು ನಿನ್ನ ಮೂತ್ರದ ವಿಷಯವಾಗಿ ಇನ್ನು ನನಗೆ ಒಂದು ಸಾಲನ್ನೂ ಬರೆಯಕೂಡದು. ನೀನು ಬರೆಯಬಲ್ಲವಳು, ಅಜ್ಜಿಯ ಮಾತು, ಹಸುವಿನ ಮುಖ, ಜಗಲಿಯ ಬೆಕ್ಕು, ಎಲ್ಲವನ್ನೂ ಈ ದವಾಖಾನೆಯಲ್ಲಿ ಕುಳಿತು ಕಂಡಿದ್ದೇನೆ. ಅಂಥ ಕೈಯನ್ನು ನಾನೊಂದು ವರ್ಷ ಸೀಸೆಗೆ ಕಟ್ಟಿಹಾಕಿದೆ. ಸಾಕು.

ನಿನ್ನನ್ನು ಬಹಳ ಪ್ರೀತಿಸುವ,
ವಿಶಾಲಾಕ್ಷಮ್ಮ

*

ಕಳಸ,
೧೯ ನವೆಂಬರ್ ೧೯೩೬

ಮಹಾರಾಜಶ್ರೀ ಡಾಕ್ಟರಮ್ಮನವರಿಗೆ ಕಳಸದ ಪರಮೇಶ್ವರಪ್ಪನ ಶರಣಾರ್ಥಿಗಳು.

ನನಗೆ ಅಂಗಡಿಯ ಕಾಗದ ಬಿಟ್ಟರೆ ಬರೆದು ರೂಢಿಯಿಲ್ಲ. ಮಗಳು ಅವಸರದಲ್ಲಿ ಹೊರಟಳು. ತಮಗೆ ತಿಳಿಸೆಂದು ನನಗೆ ಹೇಳಿಹೋದಳು.

ಹಬ್ಬದ ಮಾರನೆಯ ದಿನ ಅಳಿಯಂದಿರೂ ಅವಳೂ ಜಗಲಿಯಲ್ಲಿ ಕುಳಿತಿದ್ದರು. ನಾನು ಒಳಗಿದ್ದೆ, ಕೇಳಬಾರದೆಂದಿದ್ದರೂ ಕಿವಿಗೆ ಬಿತ್ತು. ಅವಳು ಎಲ್ಲವನ್ನೂ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ದಿನಾ ಮಧ್ಯಾಹ್ನ ಅದು ಇದ್ದೇ ಇರ್ತದೆ. ಕೊನೇ ತನಕ ಇರಬಹುದು. ಆಮೇಲೆ ಹೇಳ್ಲಿಲ್ಲ ಅನ್ನಬೇಡಿ" ಎಂದಳು.

ಅಳಿಯಂದಿರು, "ಇಷ್ಟೇನಾ? ನಂಗೆ ದಿನಾ ಸಂಜೆ ಸೊಂಟ ನೋಯ್ತದೆ. ಮದುವೆಗೆ ಮುಂಚೆ ನಾನೂ ಹೇಳಿರ್ಲಿಲ್ಲ" ಎಂದರು.

ಅವಳು ಅಳುತ್ತಾಳೆಂದುಕೊಂಡೆ. ನಕ್ಕಳು. ಆ ನಗು ಈ ಮನೆಯಲ್ಲಿ ಕೇಳಿ ವರ್ಷದ ಮೇಲಾಗಿತ್ತು. ಅವಳಮ್ಮ ಒಲೆಯ ಮುಂದೆ ಹಾಗೆಯೇ ನಿಂತುಬಿಟ್ಟಳು.

ಬಸ್ಸು ಹತ್ತಿಸುವಾಗ ನಾನು ಅವಳ ಬಳಿಗೆ ಹೋಗಿ, "ಮಗಾ, ಮೂತ್ರ ಪರೀಕ್ಷೆ ತಿಂಗಳಿಗೊಂದ್ಸಲ, ಬೆಳಿಗ್ಗೆ ಎದ್ದ ಕೂಡ್ಲೇ, ಮರೀಬೇಡ" ಎಂದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಿದರೆ ನೋಡಲಿ.

ಇತಿ ಶರಣು,
ಪರಮೇಶ್ವರಪ್ಪ

*

ಮೂಡಿಗೆರೆ ಸಮೀಪದ ಎಸ್ಟೇಟಿನಿಂದ,
೨೧ ಮಾರ್ಚ್ ೧೯೩೭

ಪ್ರೀತಿಯ ಡಾಕ್ಟರಮ್ಮನವರಿಗೆ ನಮಸ್ಕಾರಗಳು.

ಇಷ್ಟು ತಿಂಗಳು ಬರೆಯಲಿಲ್ಲವೆಂದು ಬಯ್ಯಬೇಡಿ. ಕೂರಲು ಬಿಡುವೇ ಇಲ್ಲ. ಕಾಫಿ ಹಣ್ಣು ಕೊಯ್ಯುವ ಕಾಲದಲ್ಲಿ ಇಲ್ಲಿ ಯಾರಿಗೂ ಉಸಿರಾಡಲು ಪುರಸೊತ್ತಿರುವುದಿಲ್ಲವೆಂದು ಬಂದ ಮೇಲೆ ತಿಳಿಯಿತು. ಅತ್ತೆಯೂ ಈಗ ಬಂದು ನಮ್ಮೊಡನೆಯೇ ಇದ್ದಾರೆ. ಒಲೆ ಯಾವ ಕಡೆಗೆ ಮುಖ ಮಾಡಿರಬೇಕೆಂದು ನಮಗಿಬ್ಬರಿಗೂ ಮೊದಲ ವಾರವೇ ಜಗಳವಾಯಿತು; ಈಗ ಎರಡು ಒಲೆಗಳಿವೆ. ಮೇಸ್ತ್ರಿಯ ಹೆಂಡತಿ ರಾಮಮ್ಮ ತನ್ನ ಮಗಳನ್ನು ಕರೆತಂದು, "ಇವಳಿಗೂ ನಾಕು ಅಕ್ಷರ ಹಾಕ್ಕೊಡಿ ಅಮ್ಮ, ನಂಗಂತೂ ಹೆಬ್ಬೆಟ್ಟಾಯ್ತು" ಎಂದಳು. ಒಬ್ಬಳು ಬಂದದ್ದೇ ತಡ, ಕೂಲಿಗಳ ಲೈನುಮನೆಯ ಮಕ್ಕಳೆಲ್ಲ ಬರತೊಡಗಿದರು. ಊಟವಾದ ಮೇಲೆ ಬಿಸಿಲಿಳಿಯುವವರೆಗೂ ಜಗಲಿಯಲ್ಲಿ ನಿಂತು ಕೂಗಿ ಕೂಗಿ ನನ್ನ ಗಂಟಲು ಕಟ್ಟುವುದೊಂದೇ ಬಾಕಿ. ಅಂಜನಮ್ಮ ಎಂಬ ಪುಟ್ಟಿಯೊಬ್ಬಳು 'ಳ' ಬರೆಯುವುದಕ್ಕೆ ಜಗಲಿಯ ಅರ್ಧ ನೆಲ ತೆಗೆದುಕೊಳ್ಳುತ್ತಾಳೆ. ನೋಡಿದರೆ ನಿಮಗೂ ನಗು ಬರುತ್ತಿತ್ತು.

ಹತ್ತು ದಿನದ ಹಿಂದೆ ಮಳೆಯಾಗಿ ಈಗ ಕಾಫಿ ತೋಟವೆಲ್ಲ ಬೆಳ್ಳಗೆ ಅರಳಿದೆ. ಇನ್ನೂ ಬಹಳ ಹೇಳಬೇಕೆಂದಿದ್ದೆ. ಅವರು ಅಂಗಳದಲ್ಲಿ ನಿಂತು, "ಬಿಸಿಲೇರಿದ್ರೆ ಹೂ ಬಾಡ್ತದೆ ಮಾರಾಯ್ತಿ, ಕಾಗದ ಬಾಡೋದಿಲ್ಲ, ಬಾ!" ಎಂದು ಕೂಗುತ್ತಿದ್ದಾರೆ.

ಹೋಗುತ್ತೇನೆ.

ನಿಮ್ಮ,
ರುದ್ರಾಣಿ